ಒಂದೂಮುಕ್ಕಾಲು ಕೆಜಿ ಸಹಿ

ಹನುಮಂತಯ್ಯನ ಅನುಮಾನಕ್ಕೆ ತಂತಿ ಎಳೆದು ಟ್ರಾನ್ಸ್‌ಫಾರ್ಮರಿಗೆ ಸಿಕ್ಕಿಸಿದ್ದರೆ ಪೀಣ್ಯ ಎರಡನೇ ಹಂತದ ಅಷ್ಟೂ ಕಾರ್ಖಾನೆಗಳು ಹಗಲೂ ರಾತ್ರಿ ಓಡುತ್ತಿದ್ದವು, ಉಳಿದ ಕರೆಂಟನ್ನು ದಾಸರಹಳ್ಳಿಗೆ ಪುಕ್ಕಟೆ ಹಂಚಬಹುದಿತ್ತು. ಎಳನೀರು ಕೊಂಡರೆ ಮೂರು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ, ನಾಲ್ಕನೆಯದನ್ನು ಕೊಚ್ಚಿಸಿ, ಒಳಗೆ ತುಂಬ ನೀರಿದ್ದರೆ ‘ಇಷ್ಟೊಂದು ನೀರು ಎಲ್ಲಿಂದ ಬಂತು?’ ಎಂದು ಕೇಳುವ ಆಸಾಮಿ. ಮದುವೆಯ ದಿನ ತಾಳಿಗೆ ಮೂರು ಗಂಟು ಹಾಕಿದವನು, ಗಟ್ಟಿ ಕೂತಿದೆಯೋ ಇಲ್ಲವೋ ಎಂದು ಒಮ್ಮೆ ಜಗ್ಗಿ ನೋಡಿದನಂತೆ. ಆವತ್ತು ಕೆಮ್ಮಲು ಶುರು ಮಾಡಿದ ಪದ್ಮಾವತಿ ಬೀಗರ ಊಟ ಮುಗಿಯುವವರೆಗೂ ಕೆಮ್ಮುತ್ತಿದ್ದಳೆಂದು ಅವಳ ತವರಿನವರು ಈಗಲೂ ಹೇಳುತ್ತಾರೆ.

ಅವನ ಕಸುಬೂ ಅಂಥದ್ದೇ. ಹನುಮಂತಯ್ಯ ಸ್ಕ್ರೇಪಿಂಗ್ ಕೆಲಸದವನು. ದೊಡ್ಡ ಯಂತ್ರಗಳ ಬೀಡುಕಬ್ಬಿಣದ ಹಾಸನ್ನು ಕೈಯಿಂದಲೇ ಹೆರೆದು ಸಮ ಮಾಡುವುದು. ಮಟ್ಟಸವಾದ ಪ್ಲೇಟಿಗೆ ನೀಲಿ ಸವರಿ ಕಬ್ಬಿಣವನ್ನು ಅದರ ಮೇಲೆ ಉಜ್ಜಿದರೆ, ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲೆಲ್ಲ ನೀಲಿ ಹತ್ತುತ್ತದೆ. ಆ ಉಬ್ಬನ್ನು ಉದ್ದ ಹಿಡಿಯ ಉಳಿಯಿಂದ ಹೆರೆದು, ಮತ್ತೆ ನೀಲಿ, ಮತ್ತೆ ಉಜ್ಜು, ಮತ್ತೆ ಹೆರೆ. ಕಣ್ಣಿಗೆ ಕನ್ನಡಿಯಂತೆ ಕಾಣುವುದನ್ನೂ ನಂಬದವನೇ ಈ ಕೆಲಸಕ್ಕೆ ಲಾಯಕ್ಕು. ಹನುಮಂತಯ್ಯ ಹೆರೆದ ಹಾಸಿನ ಮೇಲೆ ಸೊಳ್ಳೆ ಕೂತರೆ ಯಾವ ಕಾಲು ಕುಂಟು ಎಂದು ಹೇಳಬಹುದಿತ್ತು ಎಂಬುದು ಪೀಣ್ಯದಲ್ಲಿ ಯಾರೂ ತಳ್ಳಿಹಾಕದ ಮಾತು.

ಹುಟ್ಟಾ ಅನುಮಾನದವನಾದರೂ ಅದು ಬಲಿತದ್ದು ಒಂದೇ ಪೆಟ್ಟಿಗೆ. ಜಾಲಹಳ್ಳಿಯ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದು, ಎರಡು ಸಾವಿರದ ಮೂರರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡ. ಬಂದ ಹಣ, ಪಿಎಫ್ ಎಲ್ಲ ಸೇರಿದ್ದರಲ್ಲಿ ಅರ್ಧ, ಚೊಕ್ಕಸಂದ್ರದ ತನ್ನ ಮನೆಗೆ ಮೇಲಂತಸ್ತು ಹಾಕಲು ಹೋಯಿತು. ಇನ್ನರ್ಧವನ್ನು ಚೀಟಿ ನಡೆಸುವವನೊಬ್ಬನಿಗೆ ಕೊಟ್ಟ. ಆ ಮಹಾಶಯ ಒಂದು ಸೋಮವಾರ ಬೀಗ ಹಾಕಿಕೊಂಡು ಹೋದವನು, ಬೀಗ ತುಕ್ಕು ಹಿಡಿದು ಉದುರಿದರೂ ಬರಲಿಲ್ಲ. ಅಲ್ಲಿಂದ ಮುಂದೆ ಹನುಮಂತಯ್ಯ ತನ್ನ ನೆರಳು ಹಿಂದೆ ಬಂದರೂ ‘ಯಾಕಪ್ಪ ಹಿಂದ್ಗಡೆ ಬರ್ತಿದೀಯ?’ ಎಂದು ಕೇಳುವಂತಾದ. ಮುಪ್ಪಿಗೆಂದು ಕೈಯಲ್ಲಿ ಕಾಸಿಲ್ಲ. ವಯಸ್ಸು ಐವತ್ತರ ಬಾಗಿಲಿಗೆ ಬರುತ್ತಿತ್ತು.

ಹೀಗಿರುವಾಗ ಎರಡು ಸಾವಿರದ ಒಂಬತ್ತರಲ್ಲಿ ಜಪಾನಿನ ಯಂತ್ರ ಕಂಪನಿಯೊಂದು ಪೀಣ್ಯಕ್ಕೆ ಬಂದು, ಕೈಯಿಂದ ಹೆರೆಯುವವರು ತಮ್ಮಲ್ಲಿ ಮುದುಕರಾಗಿ ಹೋದರೆಂದು ಹೇಳಿ, ಹನುಮಂತಯ್ಯನನ್ನು ಮೂರು ವರ್ಷಕ್ಕೆ ಕರೆದುಕೊಂಡು ಹೋಯಿತು. ಅಲ್ಲಿ ಅವನ ಮೇಸ್ತ್ರಿಯಾಗಿದ್ದವನು ಹಿರಾನೋ. ಅರವತ್ತೆರಡರ ಒಣಕಲು ಮನುಷ್ಯ. ಇಬ್ಬರಿಗೂ ಸೇರಿ ಗೊತ್ತಿದ್ದ ಇಂಗ್ಲಿಷು ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು. ಮಿಕ್ಕ ಮಾತೆಲ್ಲ ನೀಲಿ ಬಣ್ಣ ಮತ್ತು ಕಬ್ಬಿಣದಲ್ಲೇ ನಡೆಯುತ್ತಿತ್ತು. ಮೂರು ವರ್ಷದಲ್ಲಿ ಹಿರಾನೋ ಇವನಿಗೆ ಒಂದು ಲೋಟ ಚಹಾ ಕೊಡಿಸಲಿಲ್ಲ. ಇವನೂ ಅವನಿಗೆ ಕೊಡಿಸಲಿಲ್ಲ. ತಮ್ಮ ತಮ್ಮ ಕಾಸು ಹಾಕಿ ತಮ್ಮ ತಮ್ಮ ಚಹಾ ಕುಡಿದರು. ಆ ವಿಷಯದಲ್ಲಿ ಹಿರಾನೋ ಮೇಲೆ ಹನುಮಂತಯ್ಯನಿಗೆ ಗೌರವವೇ ಇತ್ತು.

ಪ್ರತಿ ತಿಂಗಳ ಸಂಬಳದಲ್ಲೂ ಒಂದು ಮೊತ್ತ ಕಡಿತವಾಗುತ್ತಿತ್ತು. ಕೇಳಿದರೆ ‘ಪೆನ್ಷನ್’ ಎಂದರು. ಮೂರೇ ವರ್ಷ ಇರುವವನಿಗೆ ಎಂಥ ಪೆನ್ಷನ್? ಹೊರಡುವ ದಿನ, ಎರಡು ಸಾವಿರದ ಹನ್ನೆರಡರ ಮಾರ್ಚ್ ಕೊನೆಯಲ್ಲಿ, ಹಿರಾನೋ ಆಫೀಸಿನ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ವಿವರಿಸಿದ. ಊರಿಗೆ ಹೋದ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಪೆನ್ಷನ್ನಿಗೆ ಕಟ್ಟಿದ್ದಕ್ಕೆ ಬದಲಾಗಿ ಒಂದೇ ಗಂಟಿನಲ್ಲಿ ಹಣ ಕೊಡುತ್ತಾರೆ. ಅದರಲ್ಲಿ ಐದನೇ ಒಂದು ಪಾಲು ತೆರಿಗೆ ಮುರಿದುಕೊಳ್ಳುತ್ತಾರೆ. ಆ ತೆರಿಗೆಯನ್ನೂ ವಾಪಸು ಕೇಳಬಹುದು, ಆದರೆ ಕೇಳಲು ಜಪಾನಿನಲ್ಲೇ ಇರುವ ಒಬ್ಬ ಪ್ರತಿನಿಧಿ ಬೇಕು. ಹಣ ಬರುವುದೂ ಆ ಪ್ರತಿನಿಧಿಯ ಖಾತೆಗೇ. ‘ಆ ಪ್ರತಿನಿಧಿ ನಾನಾಗುತ್ತೇನೆ’ ಎಂದು ಹಿರಾನೋ ಎದೆಯ ಮೇಲೆ ಬೆರಳಿಟ್ಟುಕೊಂಡ.

ಹನುಮಂತಯ್ಯನ ಅನುಮಾನ ಎದ್ದು ಕೂತಿತು. ಚಹಾ ಕೊಡಿಸದವನು ಪುಕ್ಕಟೆ ಕೆಲಸ ಮಾಡಿಕೊಡುತ್ತಾನೆಂದರೆ? ಮೂರು ಸಲ ಬಗ್ಗಿ ನಮಸ್ಕಾರ ಮಾಡಿ, ಸಹಿ ಮಾಡದೆ, ಫಾರಮ್ಮುಗಳನ್ನು ಚೀಲಕ್ಕೆ ತುಂಬಿಕೊಂಡು ವಿಮಾನ ಹತ್ತಿದ.

ಊರಿಗೆ ಬಂದು ಮತ್ತೆ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿಕೊಂಡ. ಫಾರಮ್ಮುಗಳು ಮಂಚದ ಕೆಳಗಿನ ಟ್ರಂಕು ಸೇರಿದವು. ಒಂದು ವರ್ಷ ಕಳೆಯಿತು. ಒಂದೂವರೆಯೂ ಆಯಿತು.

“ರೀ, ಎರಡು ವರ್ಷ ತುಂಬಿದ್ರೆ ಒಂದ್ ಕಾಸೂ ಇಲ್ಲ ಅಂದಿದ್ರು ಅಂತ ನೀವೇ ಹೇಳಿದ್ರಿ” ಎಂದಳು ಪದ್ಮಾವತಿ, ಅವರೆಕಾಯಿ ಸುಲಿಯುತ್ತಾ.

“ಅದೇ ಕಣೇ ನಂಗೆ ಸಂಶಯ. ಕೊಡೋ ಮನ್ಸಿರೋನು ಗಡುವು ಹಾಕ್ತಾನಾ? ಗಡುವು ಹಾಕೋನು ಕೊಡ್ತಾನಾ?”

“ಹಂಗಾದ್ರೆ ಮುದುಕ್ರಾದ್ಮೇಲೆ ಏನ್ ತಿಂತೀರಿ? ಅನುಮಾನ ಬೇಯಿಸ್ಕೊಂಡ್ ತಿಂತೀರಾ?”

ಮರುದಿನ ಹನುಮಂತಯ್ಯ ಟ್ರಂಕು ಎಳೆದ.

ದಾಸರಹಳ್ಳಿಯಲ್ಲಿ ಬಾಲಾಜಿ ಎಂಬುವವನು ತೆರಿಗೆ ರಿಟರ್ನು ತುಂಬಿಕೊಡುವ ಅಂಗಡಿ ಇಟ್ಟಿದ್ದ. ಮೂವತ್ತರ ಹುಡುಗ, ಮಾತು ಚುರುಕು. ಮುಂಗಡ ಕೇಳಲಿಲ್ಲ. ಹನುಮಂತಯ್ಯ ಅದನ್ನು ಮನಸ್ಸಿನಲ್ಲಿ ಕೆಂಪು ಗುರುತು ಹಾಕಿ ಇಟ್ಟುಕೊಂಡ.

“ಅಣ್ಣ, ಆ ಮೂರು ವರ್ಷ ನೀವು ಅನಿವಾಸಿ” ಎಂದ ಬಾಲಾಜಿ, ಪಾಸ್‌ಪೋರ್ಟಿನ ಮೊಹರು ಎಣಿಸುತ್ತಾ.

“ಏನಂದೆ? ಅನಿವಾಸಿನಾ? ಪೀಣ್ಯಕ್ಕೆ ಕಾರ್ಖಾನೆ ಬರೋಕ್ ಮುಂಚೆ ಇಲ್ಲಿ ನಮ್ ರಾಗಿ ಒಲ ಇತ್ತು ಕಣಪ್ಪಾ. ನಮ್ಮಜ್ಜಿ ಮುನೇಶ್ವರನ್ ಗುಡಿ ಕಟ್ಟೋಕೆ ಕಲ್ ಒತ್ತವ್ಳೆ. ಯಾರು ಬರ್ದೋರು ಅಂಗಂತ?”

“ಇನ್‌ಕಮ್ ಟ್ಯಾಕ್ಸ್‌ನೋರ ಲೆಕ್ಕದಲ್ಲಿ ಅಣ್ಣ. ಅಲ್ಲಿ ದಿನ ಎಣಿಸ್ತಾರೆ, ಅಜ್ಜೀನ ಎಣಿಸಲ್ಲ. ಬೇಜಾರ್ ಮಾಡ್ಕೋಬೇಡಿ, ವಾಪಸ್ ಬಂದ್ಮೇಲೆ ಈಗ ನೀವು ಸಾಮಾನ್ಯ ನಿವಾಸಿ.”

“ಸಾಮಾನ್ಯನಾ?” ಹನುಮಂತಯ್ಯನಿಗೆ ಅದು ಇನ್ನೂ ಅವಮಾನವೆನಿಸಿತು.

ಬಾಲಾಜಿ ನಗು ನುಂಗಿಕೊಂಡು ತಿಳಿಯ ಹೇಳಿದ. ಇಲ್ಲಿನ ನಿವಾಸಿಯಾದದ್ದರಿಂದ ಜಪಾನಿನ ಹಣ ಬಂದರೆ ಇಲ್ಲಿನ ರಿಟರ್ನಿನಲ್ಲೂ ಕಾಣಿಸಬೇಕು. ಎರಡೂ ದೇಶದವರು ಒಂದೇ ದುಡ್ಡನ್ನು ಎರಡು ಸಲ ಕಚ್ಚದ ಹಾಗೆ ಒಪ್ಪಂದವಿದೆ. ಅದಕ್ಕೆ ಪ್ರತಿ ಕಾಗದವೂ ಬೇಕು. ಆಮೇಲೆ ಫಾರಮ್ಮು ತುಂಬಿದ. “ಇದರ ಜೊತೆ ಪೆನ್ಷನ್ ಪುಸ್ತಕ ಕಳಿಸ್ಬೇಕಂತೆ ಅಣ್ಣ” ಎಂದ.

ಪೆನ್ಷನ್ ಪುಸ್ತಕವೆಂದರೆ ಅಂಗೈಯಗಲದ ನೀಲಿ ರಟ್ಟಿನದು. ಮೂರು ವರ್ಷದ ದುಡಿಮೆಗೆ ಹನುಮಂತಯ್ಯನ ಹತ್ತಿರ ಇದ್ದ ಒಂದೇ ಗಟ್ಟಿ ಸಾಕ್ಷಿ. ಅದನ್ನು ಕಳಿಸುವುದೇ? ಒರಿಜಿನಲ್ಲು ಕೈಬಿಟ್ಟವನ ಗತಿ ಏನೆಂದು ನಮ್ಮ ಕಡೆ ಎಳೆ ಮಗುವಿಗೂ ಗೊತ್ತು. ಮನೆಪತ್ರವಾಗಲಿ, ಮಾರ್ಕ್ಸ್‌ಕಾರ್ಡಾಗಲಿ, ಕೊಡುವುದು ಜೆರಾಕ್ಸು, ಅದರ ಮೇಲೆ ಗಜೆಟೆಡ್ ಅಧಿಕಾರಿಯ ಮೊಹರು. ಮೊಹರು ಬಿದ್ದ ಮೇಲೆ ಬ್ರಹ್ಮನೂ ಒಪ್ಪಬೇಕು. ಹನುಮಂತಯ್ಯನಿಗೆ ಗುರುತಿದ್ದ ಗಜೆಟೆಡ್ ಅಧಿಕಾರಿ ಒಬ್ಬರೇ, ದನದ ಆಸ್ಪತ್ರೆಯ ಡಾಕ್ಟರು. ಅವರು ಒಂದು ಕೈಯಲ್ಲಿ ಎಮ್ಮೆಯ ಬಾಲ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಎಲ್ಲ ಪುಟಕ್ಕೂ ‘ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ, ಪಶುವೈದ್ಯಾಧಿಕಾರಿ’ ಎಂದು ಮೊಹರು ಒತ್ತಿದರು. ಮೂಲ ಪ್ರತಿ ಜಪಾನಿ ಭಾಷೆಯದು ಎಂಬುದು ಅವರಿಗಾಗಲಿ ಎಮ್ಮೆಗಾಗಲಿ ತೊಡಕೆನಿಸಲಿಲ್ಲ.

ನವೆಂಬರಿನಲ್ಲಿ ಲಕೋಟೆ ಹೋಯಿತು. ಜನವರಿ ಕೊನೆಯಲ್ಲಿ ಹೋದ ಹಾಗೇ ಬಂತು. ಜೊತೆಗೊಂದು ಚೀಟಿ. ಜೆರಾಕ್ಸು ನಡೆಯುವುದಿಲ್ಲ, ಮೂಲ ಪುಸ್ತಕವೇ ಬೇಕು. ದನದ ಡಾಕ್ಟರ ಮೊಹರಿನ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

“ನೋಡ್ದಾ? ಒರಿಜಿನಲ್ಲೇ ಬೇಕಂತೆ! ಅದ್ನೂ ಕಿತ್ಕೊಂಡ್ರೆ ಆಮೇಲೆ ನಾನು ಜಪಾನಿಗೆ ಓಗಿದ್ದೆ ಅನ್ನೋಕೇ ಸಾಕ್ಷಿ ಇಲ್ಲ!” ಎಂದು ಹನುಮಂತಯ್ಯ ನಡುಮನೆಯಲ್ಲಿ ಕುಣಿದ.

ಗಡುವಿಗೆ ಉಳಿದದ್ದು ಎಂಟೇ ವಾರ. ಪದ್ಮಾವತಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಸಾರಿಗೆ ಉಪ್ಪೂ ಹಾಕಲಿಲ್ಲ. ಐದನೆಯ ದಿನ ಹನುಮಂತಯ್ಯ ಜಾಲಹಳ್ಳಿ ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದ. ಗುಮಾಸ್ತೆ ಲಕೋಟೆಯನ್ನು ಆ ಕಡೆಯಿಂದ ಎಳೆದಳು, ಇವನು ಈ ಕಡೆಯಿಂದ ಬಿಡಲಿಲ್ಲ. ಹಿಂದೆ ನಿಂತಿದ್ದ ಸಾಲು ಬೆಳೆದು ಬೆಳೆದು ತುಮಕೂರು ರಸ್ತೆ ಮುಟ್ಟಿತೆಂದು ಹೇಳುವವರಿದ್ದಾರೆ. ಕೊನೆಗೆ ಹಿಂದಿನವನೊಬ್ಬ “ಯಜಮಾನ್ರೇ, ಮಗಳನ್ನ ಗಂಡನ ಮನೆಗ್ ಕಳಿಸ್ತಿದೀರಾ? ಬಿಡ್ರೀ!” ಎಂದಾಗ ಬೆರಳು ಸಡಿಲವಾಯಿತು.

ಸೆಪ್ಟೆಂಬರಿನಲ್ಲಿ ಹಣ ಬಂತು. ಬಾಲಾಜಿ ಲೆಕ್ಕ ಹಾಕಿ ತೋರಿಸಿದಂತೆ ರೂಪಾಯಿಯಲ್ಲಿ ಮೂರು ಲಕ್ಷದ ಮೇಲೆ. ಹನುಮಂತಯ್ಯ ಎರಡು ದಿನ ಅದು ಬೇರೆಯವರ ಹಣ, ತಪ್ಪಿ ಬಂದಿದೆ, ಪೊಲೀಸರು ಬರುತ್ತಾರೆಂದು ಕಾದ. ಯಾರೂ ಬರಲಿಲ್ಲ. ಹೇಳಿದಂತೆ ಐದನೇ ಒಂದು ಪಾಲು ತೆರಿಗೆ ಮುರಿದಿತ್ತು. ಆ ಪಾಲೇ ಎಂಬತ್ತು ಸಾವಿರದ ಹತ್ತಿರ.

“ಇನ್ನು ಆ ಹಿರಾನೋಗೆ ಸಹಿ ಮಾಡಿ ಕಳಿಸಿ ಅಣ್ಣ. ಪ್ರತಿನಿಧಿ ಆಗ್ತೀನಿ ಅಂದಿದಾರಲ್ಲ” ಎಂದ ಬಾಲಾಜಿ.

“ಅವ್ನ ಖಾತೆಗ್ ಬರುತ್ತೆ. ಅವ್ನ್ ತಿಂದ್ರೆ? ಜಪಾನಿಗ್ ಓಗಿ ಕಾಲರ್ ಇಡೀಲಾ?”

“ಸುಮ್ನಿದ್ರೆ ಅದು ಅವರ ಸರ್ಕಾರ ತಿನ್ನುತ್ತೆ. ಕಳಿಸಿದ್ರೆ ಹಿರಾನೋ ತಿನ್ನಬಹುದು, ತಿನ್ನದೇ ಇರಬಹುದು. ಯಾವ್ದು ವಾಸಿ?”

ಹನುಮಂತಯ್ಯ ಹಲ್ಲು ಕಚ್ಚಿ ಸಹಿ ಮಾಡಿ, ಪೆನ್ಷನ್ ಕಚೇರಿ ಕಳಿಸಿದ್ದ, ತೆರಿಗೆ ಮುರಿದ ಲೆಕ್ಕದ ಮೂಲ ಕಾಗದವನ್ನೂ ಸೇರಿಸಿ ಹಿರಾನೋಗೆ ಕಳಿಸಿದ. ಬ್ಯಾಂಕಿನ ವಿವರವನ್ನು ಬಾಲಾಜಿ ತನ್ನ ಇಮೇಲಿನಿಂದ ಬರೆದ, ಏಕೆಂದರೆ ಹನುಮಂತಯ್ಯನಿಗೆ ಇಮೇಲಿನ ಮೇಲೂ ನಂಬಿಕೆಯಿರಲಿಲ್ಲ.

ಆಮೇಲೆ ಸದ್ದಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಹನುಮಂತಯ್ಯನ ಕಣ್ಣೆದುರಿಗೆ ಹಿರಾನೋ ದಿನಕ್ಕೊಂದು ವೇಷದಲ್ಲಿ ಬರತೊಡಗಿದ. ಒಂದು ದಿನ ಹೊಸ ಕಾರಿನಲ್ಲಿ, ಇನ್ನೊಂದು ದಿನ ಸಮುದ್ರದ ದಂಡೆಯಲ್ಲಿ ಛತ್ರಿಯ ಕೆಳಗೆ, ಮತ್ತೊಂದು ದಿನ ಚೊಕ್ಕಸಂದ್ರದ ದುಡ್ಡಿನಲ್ಲಿ ಊರಿಗೆಲ್ಲ ಚಹಾ ಕೊಡಿಸುತ್ತಾ. ಚಹಾದ ಚಿತ್ರ ಬಂದ ದಿನ ಅವನಿಗೆ ಅನ್ನ ಇಳಿಯಲಿಲ್ಲ.

ಮೇ ತಿಂಗಳಲ್ಲಿ ಹಿರಾನೋನಿಂದ ಕಾಗದ ಬಂತು. ಆಫೀಸಿನ ಹುಡುಗಿಯಿಂದ ಬರೆಸಿದ್ದು, ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯ. ಬಾಲಾಜಿಯ ಅಂಗಡಿಯಲ್ಲಿ ಕೂತು ಓದಿಸಿದ. ಬಾಲಾಜಿ ಒಂದೊಂದೇ ಸಾಲು ಕನ್ನಡಕ್ಕೆ ಇಳಿಸುತ್ತಾ ಹೋದ:

“‘ಹನು-ಸಾನ್ ಅವರಿಗೆ. ತೆರಿಗೆ ಹಣ ನನ್ನ ಖಾತೆಗೆ ಬಂದಿದೆ. ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ಬಾಲಾಜಿ ಎಂಬ ಮನುಷ್ಯ ಕಂಪ್ಯೂಟರಿನಲ್ಲಿ ಬರೆದು ಈ ಖಾತೆಗೆ ಹಾಕಿ ಎನ್ನುತ್ತಾನೆ. ಬಾಲಾಜಿ ಯಾರು? ಅವನನ್ನು...’” ಬಾಲಾಜಿ ನಿಲ್ಲಿಸಿದ.

“ಓದಪ್ಪ. ಯಾಕ್ ನಿಲ್ಸ್ದೆ?”

“‘ಅವನನ್ನು ನಾನು ನಂಬುವುದಿಲ್ಲ. ಅವನು ನಾಲ್ಕು ಸಲ ಬರೆದ. ನಾಲ್ಕು ಸಲ ಬರೆಯುವವನು ಕಳ್ಳನಿರಬಹುದು. ಸಹಿ ಯಾರು ಬೇಕಾದರೂ ಮಾಡಬಹುದು. ಪಾಸ್‌ಪೋರ್ಟ್ ಪ್ರತಿ ಯಾರು ಬೇಕಾದರೂ ತೆಗೆಯಬಹುದು. ಅಂಗೈಯಗಲದ ಬೀಡುಕಬ್ಬಿಣ ನಿಮ್ಮ ಕೈಯಲ್ಲಿ ಹೆರೆದು ಕಳಿಸಿ. ನೋಡಿದರೆ ನನಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಹಣ ಇಲ್ಲ.’ ಅಷ್ಟೇ ಅಣ್ಣ.” ಕಾಗದ ಮೇಜಿನ ಮೇಲೆ ಬಿಸಾಕಿದ. “ಏನ್ ಗುರು ಇದು! ನಾನು ಕಳ್ಳನಾ? ಫೀಸೂ ಪೂರ್ತಿ ತಗೊಂಡಿಲ್ಲ ನಾನಿನ್ನೂ!”

ಹನುಮಂತಯ್ಯನ ಮುಖ ನೋಡಿ ಬಾಲಾಜಿ ಬೈಯುವುದನ್ನೂ ಮರೆತ. ಮೂರು ವರ್ಷಕ್ಕೆ ಒಂದು ಸಲ ನಗುವ ಮುಖ ಕಿವಿಯಿಂದ ಕಿವಿಗೆ ಬಿರಿದಿತ್ತು.

“ನೋಡ್ದೇನಪ್ಪ, ಮನುಷ್ಯ ಅಂದ್ರೆ ಇಂಗಿರ್ಬೇಕು! ನಿನ್ ಮ್ಯಾಲೆ ಅನುಮಾನ, ನನ್ ಮ್ಯಾಲೆ ಅನುಮಾನ, ಪಾಸ್‌ಪೋರ್ಟ್ ಮ್ಯಾಲೂ ಅನುಮಾನ! ದುಡ್ ತಿನ್ನೋನಾಗಿದ್ರೆ ಇಷ್ಟೊಂದು ಯೋಚ್ನೆ ಮಾಡ್ತಿದ್ನಾ? ನಮ್ ಚೀಟಿಯೋನು ಒಂದು ದಿನಾನಾದ್ರೂ ನನ್ ಗುರುತು ಕೇಳಿದ್ನಾ?”

ಚೀಟಿ ಮುಳುಗಿದ ಮೇಲೆ ಹನ್ನೊಂದು ವರ್ಷದಲ್ಲಿ ಹನುಮಂತಯ್ಯ ಒಬ್ಬ ಮನುಷ್ಯನನ್ನು ನಂಬಿದ್ದು ಅದೇ ಮೊದಲು.

ಕಬ್ಬಿಣ ಕಾರ್ಖಾನೆಯಿಂದ ತರುವಂತಿರಲಿಲ್ಲ. ಗೇಟಿನಲ್ಲಿ ಊಟದ ಡಬ್ಬಿಯನ್ನೂ ತೆರೆದು ನೋಡುತ್ತಾರೆ. ಪೀಣ್ಯದ ಗುಜರಿ ಅಂಗಡಿಯಲ್ಲಿ ಬೀಡುಕಬ್ಬಿಣದ ತುಂಡೊಂದನ್ನು ತೂಕಕ್ಕೆ ಕೊಂಡ. ಭಾನುವಾರ ಕಾರ್ಖಾನೆಯ ಪ್ಲೇಟು ಬಳಸಲು ಅಪ್ಪಣೆ ಪಡೆದು, ನೀಲಿ ಸವರಿ, ಹೊಟ್ಟೆಗೆ ಉಳಿಯ ಹಿಡಿ ಆನಿಸಿ ಹೆರೆಯಲು ನಿಂತ. ಬೆಳಿಗ್ಗೆ ನಿಂತವನು ಬಿಸಿಲು ಇಳಿಯುವವರೆಗೂ ಬಗ್ಗಿದ್ದ. ಸಾಲುಸಾಲಾಗಿ ಅರ್ಧಚಂದ್ರದ ಗುರುತುಗಳು ಮೂಡಿದವು, ಮೀನಿನ ಹುರುಪೆಯ ಹಾಗೆ. ಹತ್ತು ಸಹಿಗಳನ್ನು ಒಂದರ ಮೇಲೊಂದು ಇಟ್ಟರೂ ಇದು ತನ್ನ ಕೈಯದೇ ಎಂದು ಇಷ್ಟು ಗಟ್ಟಿಯಾಗಿ ಹೇಳುವುದಿಲ್ಲ ಎನಿಸಿತು ಅವನಿಗೆ. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ ಅಂಚೆ ಕಚೇರಿಗೆ ಒಯ್ದ.

ಗುಮಾಸ್ತೆ ತಕ್ಕಡಿಗೆ ಇಟ್ಟಳು. “ಒಂದೂಮುಕ್ಕಾಲು ಕೆಜಿ. ಒಳಗೇನಿದೆ?”

“ಸಹಿ ಮೇಡಂ.”

“ಏನು?”

“ನನ್ ಸಹಿ.”

ಗುಮಾಸ್ತೆ ಕನ್ನಡಕ ತೆಗೆದಳು. “ಒಂದೂಮುಕ್ಕಾಲು ಕೆಜಿ ಸಹೀನಾ? ಅಷ್ಟು ಭಾರದ ಹೆಸರೇನ್ರೀ ನಿಮ್ಮದು?” ಪೆಟ್ಟಿಗೆ ಬಿಚ್ಚಿಸಿದಳು. ಕಬ್ಬಿಣ ನೋಡಿ, ಪೋಸ್ಟ್‌ಮಾಸ್ಟರನ್ನು ಕರೆದಳು. ಅವರು ಅದನ್ನು ತಟ್ಟಿದರು, ಮೂಸಿದರು, ಟಿಕ್ ಟಿಕ್ ಎನ್ನುತ್ತಿದೆಯೇ ಎಂದು ಕಿವಿಗಿಟ್ಟು ಕೇಳಿದರು. ಇಷ್ಟೆಲ್ಲ ಅನುಮಾನ ಪಡುತ್ತಿರುವಾಗ ಹನುಮಂತಯ್ಯ ಪಕ್ಕದಲ್ಲಿ ನಿಂತು, ಮಗನ ಪ್ರಗತಿಪತ್ರ ನೋಡುವ ತಂದೆಯಂತೆ ತಲೆಯಾಡಿಸುತ್ತಿದ್ದ. ಕಡೆಗೆ ‘ಯಂತ್ರದ ಮಾದರಿ, ಮಾರಾಟಕ್ಕಲ್ಲ’ ಎಂದು ಬರೆದು ಕಳಿಸಿದರು.

ಐದು ವಾರಕ್ಕೆ ಹಣ ಬಂತು, ಬಾಲಾಜಿ ಲೆಕ್ಕ ಹಾಕಿದ್ದಕ್ಕಿಂತ ತುಸು ಹೆಚ್ಚೇ. ಹಿಂದೆಯೇ ಹಿರಾನೋನ ಎರಡು ಸಾಲು: ‘ಕೊನೆಯ ಮೂಲೆ ಕೂದಲೆಳೆಯ ಹತ್ತನೇ ಒಂದರಷ್ಟು ತಗ್ಗಿದೆ. ಕೊನೆಯ ಮೂಲೆಗೆ ನೀವು ಯಾವಾಗಲೂ ಜೋರಾಗಿ ಒತ್ತುತ್ತೀರಿ. ಆದ್ದರಿಂದ ನೀವೇ ಎಂದು ತಿಳಿಯಿತು. ಹೆಚ್ಚಿನ ಹಣ ತೆರಿಗೆ ಕಚೇರಿಯವರು ಕೊಟ್ಟ ಬಡ್ಡಿ. ಅಂಚೆ ಖರ್ಚು ಹಿಡಿದುಕೊಂಡಿದ್ದೇನೆ.’

ಮೂಲೆ ತಗ್ಗಿದೆ ಎಂದದ್ದಕ್ಕೆ ಹನುಮಂತಯ್ಯ ಒಂದು ವಾರ ಕೊತಕೊತ ಕುದಿದ. ಅಂಚೆ ಖರ್ಚು ಹಿಡಿದದ್ದಕ್ಕೆ ಮಾತ್ರ ಕೈ ಮುಗಿದ.

ಎರಡೂ ಗಂಟನ್ನು ಸೇರಿಸಿ ಮುಪ್ಪಿನ ಕಾಲಕ್ಕೆಂದು ಠೇವಣಿ ಇಡಲು ಪದ್ಮಾವತಿಯನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದ. ಫಾರಮ್ಮಿನಲ್ಲಿ ಅವಳ ಹೆಸರನ್ನೂ ಬರೆಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂಬ ಕಡೆ ತಾನೇ ಗುರುತು ಹಾಕಿದ.

ಪದ್ಮಾವತಿ ಪೆನ್ನು ಹಿಡಿದವಳು ಸಹಿ ಮಾಡಲಿಲ್ಲ. ಗಂಡನ ತೋಳು ಹಿಡಿದು ಮೂಲೆಗೆ ಎಳೆದೊಯ್ದಳು.

“ನಿಜ ಹೇಳಿ. ಡಾಕ್ಟ್ರು ಏನಂದ್ರು?”

“ಯಾವ್ ಡಾಕ್ಟ್ರೇ?”

“ಮುಚ್ಚಿಡ್ಬೇಡಿ. ಇಪ್ಪತ್ತೇಳು ವರ್ಷ ಪಾಸ್‌ಬುಕ್ಕಿನ ರಟ್ಟು ತೋರಿಸ್ದೋರಲ್ಲ ನೀವು. ಇವತ್ತು ಪೂರ್ತಿ ದುಡ್ಡು ನನ್ ಹೆಸರಿಗೂ ಹಾಕ್ತಿದೀರ. ಎಷ್ಟು ದಿನ ಅಂದ್ರು?”

“ಅಯ್ಯೋ, ನಂಗೇನಾಗಿದ್ದಾತು! ಗುಂಡ್‌ಕಲ್ ಇದ್ದಂಗಿದೀನಿ!”

“ಹಂಗೇ ಅಂತಾರೆ ಎಲ್ರೂ.”

ಆವತ್ತು ಠೇವಣಿ ಆಗಲಿಲ್ಲ. ಮರುದಿನ ಪದ್ಮಾವತಿ ಗಂಡನನ್ನು ಜಾಲಹಳ್ಳಿಯ ಕ್ಲಿನಿಕ್ಕಿಗೆ ಹೊರಡಿಸಿ, ರಕ್ತ, ಸಕ್ಕರೆ, ಎದೆಯ ಇಸಿಜಿ ಎಲ್ಲ ಮಾಡಿಸಿದಳು. ಎಲ್ಲ ಸರಿಯಾಗಿದೆ ಎಂದು ಬಂತು. ಇಷ್ಟು ಸರಿಯಾಗಿರುವುದು ಹೇಗೆ ಎಂದು ಅನುಮಾನ ಬಂದು, ಮಹದೇವಪುರದಲ್ಲಿದ್ದ ತಂಗಿಯ ಮನೆಗೆ ಕರೆದೊಯ್ದು ಅಲ್ಲಿನ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿದಳು. ಅಲ್ಲೂ ಅದೇ. ಎರಡು ಕಡೆಯ ವರದಿಯನ್ನು ಸಾಲು ಸಾಲಾಗಿ ತಾಳೆ ನೋಡಿ, ಹದಿನಾರನೆಯ ದಿನ ಬ್ಯಾಂಕಿಗೆ ಬಂದು ಸಹಿ ಹಾಕಿದಳು.

ಠೇವಣಿಯ ರಸೀತಿಯನ್ನು ಅವಳೇ ಮಡಿಚಿ ಸೆರಗಿನೊಳಗೆ ಸಿಕ್ಕಿಸಿಕೊಂಡು ಮನೆಗೆ ತಂದಳು. ಎಲ್ಲಿಟ್ಟಿದ್ದಾಳೆಂದು ಹನುಮಂತಯ್ಯನಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ, “ಯಾಕೆ ಕೇಳ್ತಿದೀರ?” ಎನ್ನುತ್ತಾಳೆ.